ಸರಾಗವಾಗಿ ಓದುವ ಮಗುವಿಗೂ ಭಾಷೆಯ ತೊಡಕಿರಬಹುದು

ಮಗುವಿಗೆ ಕನ್ನಡ ಎಷ್ಟು ಬರುತ್ತದೆ ಎಂದು ಒರೆಹಚ್ಚಲು ನಮ್ಮ ಶಾಲೆಗಳಲ್ಲಿ ಮೂರು ಹಳೆಯ ವಿಧಾನಗಳಿವೆ: ಪಾಠವನ್ನು ಗಟ್ಟಿಯಾಗಿ ಓದಿಸುವುದು, ಉಕ್ತಲೇಖನ ಬರೆಸುವುದು, ಪ್ರಶ್ನೋತ್ತರ ಒಪ್ಪಿಸಿಕೊಳ್ಳುವುದು. ಮೂರರಲ್ಲೂ ಗೆದ್ದ ಮಗುವಿನ ಅಪ್ಪ ಅಮ್ಮನಿಗೆ "ನಿಮ್ಮ ಮಗುವಿಗೆ ಭಾಷೆಯಲ್ಲಿ ತೊಡಕಿದೆ" ಎಂದರೆ ಅವರು ಹೇಳಿದವರನ್ನೇ ಅನುಮಾನದಿಂದ ನೋಡುತ್ತಾರೆ. ಅದು ಸಹಜವೇ. ಆದರೆ ಈ ಮೂರರಲ್ಲೂ ಮಗು ಬಳಸುವುದು ಬೇರೆ ಯಾರೋ ಕಟ್ಟಿಕೊಟ್ಟ ವಾಕ್ಯಗಳನ್ನು. ಪಠ್ಯಪುಸ್ತಕದ್ದು, ಮೇಷ್ಟ್ರದ್ದು, ಗೈಡಿನದು. ಹಿಂದೆಂದೂ ಕೇಳಿರದ ವಾಕ್ಯವನ್ನು ಬಿಡಿಸಿಕೊಳ್ಳುವ, ತನಗೆ ಬೇಕಾದ ವಾಕ್ಯವನ್ನು ತಾನೇ ಕಟ್ಟುವ ಶಕ್ತಿಯನ್ನು ಅವು ಮುಟ್ಟುವುದೇ ಇಲ್ಲ. ಭಾಷೆಯ ಸೂಕ್ಷ್ಮ ತೊಂದರೆ ಅಡಗಿ ಕೂರುವುದು ಅಲ್ಲೇ. ಅದನ್ನು ಹಿಡಿಯಬೇಕಾದರೆ ಅಂಕಪಟ್ಟಿಯನ್ನೂ ಓದಿನ ವೇಗವನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮಗುವಿನ ಸ್ವಂತ ಮಾತನ್ನು ಕಿವಿಗೊಟ್ಟು ಕೇಳಬೇಕು.

ಉಗ್ಗು, ತೊದಲು, ಕೆಲವು ಅಕ್ಷರಗಳ ಉಚ್ಚಾರಣೆ ತಪ್ಪುವುದು ಇವೆಲ್ಲ ಎಲ್ಲರ ಕಿವಿಗೂ ಬೀಳುತ್ತವೆ. ಇಲ್ಲಿ ಹೇಳುತ್ತಿರುವುದು ಆ ಬಗೆಯದಲ್ಲ. ಮಗುವಿನ ಉಚ್ಚಾರಣೆ ಸ್ಪಷ್ಟವಾಗಿರಬಹುದು, ಕಿವಿ ಸರಿಯಿರಬಹುದು, ಆಟಿಸಂನ ಲಕ್ಷಣ ಇಲ್ಲದಿರಬಹುದು, ಆಟದಲ್ಲೋ ಚಿತ್ರ ಬಿಡಿಸುವುದರಲ್ಲೋ ಚುರುಕಾಗಿಯೂ ಇರಬಹುದು. ಆದರೂ ಪದ ಕಲಿಯುವುದು, ವಾಕ್ಯ ಹೆಣೆಯುವುದು, ಉದ್ದನೆಯ ಮಾತನ್ನು ಹಿಂಬಾಲಿಸುವುದು ಓರಗೆಯವರಿಗಿಂತ ಕಷ್ಟ. ಇದನ್ನು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ ಎಂದು ಕರೆಯಬೇಕೆಂದು ಡೊರೊಥಿ ಬಿಷಪ್ ಮುಂದಾಳತ್ವದ 57 ತಜ್ಞರ ಗುಂಪು 2016-17ರಲ್ಲಿ ಒಮ್ಮತಕ್ಕೆ ಬಂತು. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ ಆಗಷ್ಟೇ ಶಾಲೆಗೆ ಸೇರಿದ ಮಕ್ಕಳ ನಡುವೆ ನಡೆದ ಅಧ್ಯಯನದಲ್ಲಿ ನೂರರಲ್ಲಿ ಸುಮಾರು 7.5 ಮಕ್ಕಳಿಗೆ ಬೇರೆ ಯಾವ ಕಾಯಿಲೆಯ ಜೊತೆಗೂ ಸೇರದ ಇಂಥ ತೊಂದರೆ ಕಂಡುಬಂತು. ಅದಕ್ಕೂ ಮೊದಲು, 1997ರಲ್ಲಿ ಪ್ರಕಟವಾದ ಅಮೆರಿಕದ ಅಯೋವಾ ಅಧ್ಯಯನದಲ್ಲಿ ಸಿಕ್ಕ ಅಂಕಿ 7.4. ಇಂಗ್ಲಿಷ್ ಆಡುವ ನಾಡಿನ ಲೆಕ್ಕ ನಮ್ಮ ಮಕ್ಕಳಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಅಯೋವಾ ಅಧ್ಯಯನದ ಇನ್ನೊಂದು ಅಂಕಿಯೇ ನಮಗೆ ಹೆಚ್ಚು ಮುಖ್ಯ: ತೊಂದರೆಯಿದ್ದ ಮಕ್ಕಳ ಪೋಷಕರಲ್ಲಿ ಶೇಕಡಾ 29 ಮಂದಿಗೆ ಮಾತ್ರ ಯಾರಾದರೂ ಆ ಬಗ್ಗೆ ಮೊದಲೇ ಹೇಳಿದ್ದರು. ಉಳಿದವರಿಗೆ ತಮ್ಮ ಮಕ್ಕಳ ತೊಂದರೆಯ ಬಗ್ಗೆ ಯಾರೂ ಹೇಳಿರಲಿಲ್ಲ.

ಕನ್ನಡದಲ್ಲಿ ಅದು ಕಣ್ಣು ತಪ್ಪಿಸಿಕೊಳ್ಳುವುದು ಇನ್ನೂ ಸುಲಭ. ನಮ್ಮ ಲಿಪಿಯಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಹೆಚ್ಚು ಅಂತರವಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಲಿಯಬೇಕಾದ ಅಕ್ಷರರೂಪಗಳು ನೂರಾರು; ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಮೇಲೆ ನಡೆಸಿದ ಸಂಶೋಧನೆ ತೋರಿಸಿದಂತೆ ಅವು ಪೂರ್ತಿ ಕೈಗೂಡಲು ಹಲವು ವರ್ಷ ಹಿಡಿಯುತ್ತದೆ. ಆದರೆ ಆ ಹಂತ ದಾಟಿದ ಮೇಲೆ ಮಗು ಅರ್ಥ ಗೊತ್ತಿಲ್ಲದ ಪುಟವನ್ನೂ ತಡವರಿಸದೆ ಓದಿಬಿಡುತ್ತದೆ. ಓದಿ ತಿಳಿಯುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇವೆರಡರ ಗುಣಲಬ್ಧ ಎಂದು ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದರು. ಎರಡರಲ್ಲಿ ಒಂದು ಕುಸಿದರೂ ಫಲ ಕುಸಿಯುತ್ತದೆ. ಡಿಸ್ಲೆಕ್ಸಿಯಾ ಎಂಬ ಮಾತು ಈಗ ಪೇಟೆಯ ಪೋಷಕರಿಗೆಲ್ಲ ಗೊತ್ತು. ಅದು ಹೆಚ್ಚಾಗಿ ಮೊದಲನೆಯದರ ಕೊರತೆ. ಎರಡನೆಯದರ ಕೊರತೆಯಿರುವ ಮಗುವನ್ನು ಓದಿಸಿ ನೋಡಿದರೆ ಶಹಭಾಸ್ ಅನ್ನಬೇಕೆನಿಸುತ್ತದೆ. ಪುಸ್ತಕ ಮುಚ್ಚಿಸಿ "ಏನಾಯ್ತು ಹೇಳು" ಎಂದಾಗಷ್ಟೇ ಬಂಡವಾಳ ಗೊತ್ತಾಗುತ್ತದೆ.

ಹಾಗೆ ಕೇಳಿ ನೋಡಲು ಎಲ್ಲ ಮಕ್ಕಳಿಗೂ ಗೊತ್ತಿರುವ ಪುಣ್ಯಕೋಟಿಯ ಕತೆ ಒಳ್ಳೆಯದು. ಹಾಡು ಹೇಳು ಎಂದರೆ ಈ ಮಗುವೂ ರಾಗವಾಗಿ ಮೊದಲಿಂದ ಕೊನೆಯವರೆಗೆ ಹೇಳಬಹುದು, ಅದು ಪರೀಕ್ಷೆಯಲ್ಲ. ನಿನ್ನ ಮಾತಿನಲ್ಲಿ ಕತೆ ಹೇಳು ಅನ್ನಿ. ಮೂರನೇ ತರಗತಿಯ ಹೊತ್ತಿಗೆ ಹೆಚ್ಚಿನ ಮಕ್ಕಳು, "ಕರುಗೆ ಹಾಲು ಕುಡಿಸಿ ಬರ್ತೀನಿ ಅಂತ ಹೇಳಿ ಹೋದ ಹಸು ಮಾತಿಗೆ ತಪ್ಪದೆ ವಾಪಸ್ ಬಂದಿದ್ದು ನೋಡಿ ಹುಲಿಗೆ ನಾಚಿಕೆ ಆಗೋಯ್ತು" ಎನ್ನುವ ಧಾಟಿಗೆ ಬಂದಿರುತ್ತಾರೆ. ತೊಡಕಿರುವ ಮಗುವಿನ ಕತೆ ಹೀಗಿರಬಹುದು: "ಹಸು ಇತ್ತು. ಹುಲಿ ಬಂತು. ತಿಂತೀನಿ ಅಂತು. ಆಮೇಲೆ ಹೋಯ್ತು. ಕರು ಇತ್ತು. ಆಮೇಲೆ ಬಂತು. ಆಮೇಲೆ ಬಿತ್ತು." ಪ್ರತಿ ವಾಕ್ಯವೂ ವ್ಯಾಕರಣಕ್ಕೆ ಸರಿಯೇ. ಆದರೆ ಹೋಗಿದ್ದು ಯಾರು, ಬಂದಿದ್ದು ಯಾರು, ಬಿದ್ದಿದ್ದು ಯಾರು? ಕನ್ನಡದಲ್ಲಿ ಕರ್ತೃಪದ ಬಿಟ್ಟು ಮಾತಾಡುವುದು ಮಾಮೂಲಿ, ಆದರೆ ಕೇಳುವವರಿಗೆ ಗೊತ್ತಾಗುವ ಕಡೆ ಮಾತ್ರ ಬಿಡುತ್ತೇವೆ. ಇಲ್ಲಿ ಆ ಲೆಕ್ಕಾಚಾರವೇ ಇಲ್ಲ. ಹೇಳಿ, ಹೋದ, ಬಂದಿದ್ದಕ್ಕೆ, ಅಂತ, ಆದರೂ ಎಂಬ ಕೊಂಡಿಗಳೂ ಇಲ್ಲ. ಎಲ್ಲ ಭಾರವನ್ನೂ "ಆಮೇಲೆ" ಒಂದೇ ಹೊರುತ್ತಿದೆ. ಕತೆಯ ಜೀವವಾದ ಕಾರಣ, ಅಂದರೆ ಹಸು ಯಾಕೆ ಮರಳಿ ಬಂತು ಎಂಬುದು, ಬಿಟ್ಟುಹೋಗಿದೆ. ಕೇಳಿದರೆ "ಗೊತ್ತಿಲ್ಲ" ಅನ್ನುತ್ತದೆ, ಇಲ್ಲವೇ ಹಾಡಿನ ಸಾಲನ್ನೇ ಮತ್ತೆ ಒಪ್ಪಿಸುತ್ತದೆ.

ಗ್ರಹಿಕೆಯನ್ನು ನೋಡಲು ಲೋಕಜ್ಞಾನದ ಆಸರೆ ಸಿಗದಂಥ ವಾಕ್ಯ ಬೇಕು. "ಊಟಕ್ಕೆ ಮುಂಚೆ ಕೈ ತೊಳಿ" ಅಂದರೆ ಮಾತು ಅರ್ಥವಾಗದ ಮಗುವೂ ಕೈ ತೊಳೆಯುತ್ತದೆ. ಬದಲಿಗೆ "ಪುಸ್ತಕ ಮುಚ್ಚೋಕೆ ಮುಂಚೆ ಪೆನ್ನು ಕೊಡು" ಅನ್ನಿ. "ರವೀನ ರಾಜು ತಳ್ಳಿದ" ಎಂದು ಹೇಳಿ, ಬಿದ್ದಿದ್ದು ಯಾರು ಎಂದು ಕೇಳಿ. "ಅಜ್ಜಿ ಅಮ್ಮನ ಕೈಲಿ ಕಾಗದ ಬರೆಸಿದ್ರು" ಅಂದರೆ ಬರೆದವರು ಯಾರು? "ನಾಯೀನ ಅಟ್ಟಿಸಿಕೊಂಡು ಹೋದ ಹುಡುಗ ಎಡವಿದ" ಎಂದಾಗ, ಪದಗಳನ್ನಷ್ಟೇ ಹಿಡಿದು ಅರ್ಥ ಊಹಿಸುವ ಮಗು ನಾಯಿ ಹುಡುಗನನ್ನು ಅಟ್ಟಿಸಿಕೊಂಡು ಹೋಯಿತು ಅನ್ನುತ್ತದೆ, ಏಕೆಂದರೆ ಬೀದಿಯಲ್ಲಿ ನಡೆಯುವುದು ಅದೇ. ಗಣಿತದಲ್ಲಿಯೂ ಇದೇ ಕತೆ. ರಮೇಶನ ಬಳಿ 12 ಗೋಲಿಗಳಿವೆ, ಅವು ಸುರೇಶನ ಬಳಿ ಇರುವುದಕ್ಕಿಂತ 5 ಹೆಚ್ಚು, ಹಾಗಾದರೆ ಸುರೇಶನ ಬಳಿ ಎಷ್ಟು? "ಹೆಚ್ಚು" ಕಂಡೊಡನೆ ಕೂಡಿಸಿ 17 ಎಂದು ಬರೆಯುವ ಮಗುವಿಗೆ ಕೂಡುವುದೂ ಕಳೆಯುವುದೂ ಚೆನ್ನಾಗಿ ಬರುತ್ತಿರಬಹುದು, ಎಡವಿದ್ದು ವಾಕ್ಯದಲ್ಲಿ. ಟ್ಯೂಷನ್ನಿಗೆ ಹಾಕಿ ಇನ್ನೂ ನೂರು ಲೆಕ್ಕ ಮಾಡಿಸಿದರೆ ಸರಿಹೋಗುವ ತಪ್ಪು ಇದಲ್ಲ. ಇಂಥ ಒಂದೆರಡು ಪ್ರಶ್ನೆ ತಪ್ಪಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಬೇರೆ ಬೇರೆ ದಿನ, ಆಡುತ್ತಾ ಕೇಳಿದಾಗಲೂ ಅದೇ ಬಗೆಯ ತಪ್ಪು ಮತ್ತೆ ಮತ್ತೆ ಬಂದರೆ, ತರಗತಿಯ ಇತರರಿಗೆ ಅದು ಬರುತ್ತಿಲ್ಲವಾದರೆ, ಅದು ಗಮನಿಸಬೇಕಾದ ಸಂಗತಿ. ಚೀಲ, ಸ್ಲೇಟು, ಡಬ್ಬಿ ಎಂದು ಹೆಸರು ಹಿಡಿಯುವ ಬದಲು ವರ್ಷಗಟ್ಟಲೆ "ಅದು, ಇದು, ಆ ಥರದ್ದು" ಎನ್ನುತ್ತಲೇ ಇರುವುದು, ಎರಡು ಕೆಲಸ ಒಟ್ಟಿಗೆ ಹೇಳಿದರೆ ಕೊನೆಯದನ್ನಷ್ಟೇ ಮಾಡುವುದು, ಪಕ್ಕದವರು ಏನು ತೆಗೆದರೆಂದು ನೋಡಿಕೊಂಡೇ ತಾನೂ ಪುಸ್ತಕ ತೆಗೆಯುವುದು ಇವೂ ಅದೇ ಸಾಲಿಗೆ ಸೇರುತ್ತವೆ.

ಹದಿಹರೆಯದಲ್ಲಿ ಇದೇ ತೊಂದರೆ ಬೇರೆ ವೇಷ ಹಾಕುತ್ತದೆ. ಅಷ್ಟು ಹೊತ್ತಿಗೆ ದಿನಬಳಕೆಯ ಮಾತು ಸಲೀಸಾಗಿರುವುದರಿಂದ ಭಾಷೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಸಂಶಯ ಬರುವುದು ನಡತೆಯ ಮೇಲೆ. ತಡವಾಗಿ ಬಂದ ಹುಡುಗನಿಗೆ ಮೇಷ್ಟ್ರು "ಬಹಳ ಬೇಗ ಬಂದ್ಬಿಟ್ಟೆಯಲ್ಲಪ್ಪ" ಅಂದಾಗ ಅವನು ನಿಜವೆಂದೇ ತಿಳಿದು "ಹೂಂ ಸಾರ್" ಅಂದರೆ ಅದು ಕೊಬ್ಬು ಎಂದಾಗುತ್ತದೆ. ಗೆಳೆಯರ ಚುಡಾವಣೆಗೆ ತಕ್ಕ ಉತ್ತರ ಬಾಯಿಗೆ ಬರುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ; ಹಾಗಾಗಿ ಕೆಲವರು ಕೈ ಎತ್ತುತ್ತಾರೆ, ಇನ್ನು ಕೆಲವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಮಕ್ಕಳನ್ನು 16ರ ವಯಸ್ಸಿನವರೆಗೆ ಹಿಂಬಾಲಿಸಿದ ಸಂಶೋಧಕರಿಗೆ ಓರಗೆಯವರಿಗಿಂತ ಹೆಚ್ಚಿನ ಆತಂಕ, ಖಿನ್ನತೆಯ ಲಕ್ಷಣಗಳು ಕಂಡವು. ಆಸ್ಟ್ರೇಲಿಯಾದಲ್ಲಿ ಕಾನೂನಿನೊಡನೆ ಸಂಘರ್ಷಕ್ಕಿಳಿದ ಹುಡುಗರನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಮಂದಿಗೆ ಯಾರೂ ಗುರುತಿಸದ ಭಾಷಾ ತೊಂದರೆಯಿತ್ತು. ಭಾಷೆಯ ತೊಡಕೇ ಅಪರಾಧಕ್ಕೆ ಕಾರಣ ಎಂದು ಇದರಿಂದ ಹೇಳಲಾಗದು, ಹೇಳಲೂಬಾರದು. ಆದರೆ ಪೊಲೀಸ್ ಠಾಣೆಯಲ್ಲೋ ಹೆಡ್ಮಾಸ್ಟರ ಕೋಣೆಯಲ್ಲೋ "ಏನಾಯ್ತು, ಮೊದಲಿಂದ ಹೇಳು" ಎಂಬ ಪ್ರಶ್ನೆಗೆ ಭುಜ ಕುಣಿಸುವ ಹುಡುಗನದು ಉದ್ಧಟತನವೇ ಆಗಿರಬೇಕಿಲ್ಲ ಎಂದು ಹೇಳಬಹುದು. ಈ ವಯಸ್ಸಿನವರನ್ನು ಒರೆಹಚ್ಚಲು ಕತೆ ಸಾಲದು. ಕಬಡ್ಡಿಯನ್ನೇ ಕಂಡಿರದವನಿಗೆ ಅದರ ನಿಯಮ ವಿವರಿಸು ಅನ್ನಿ; ಕೇಳುವವನಿಗೆ ಏನು ಗೊತ್ತಿಲ್ಲ ಎಂದು ಊಹಿಸಿ, ಯಾವುದನ್ನು ಮೊದಲು ಹೇಳಬೇಕು ಎಂದು ಯೋಚಿಸಿ, "ಒಂದು ವೇಳೆ", "ಇಲ್ಲದಿದ್ದರೆ" ಎಂದು ಷರತ್ತು ಹಾಕಿ ಹೇಳಬೇಕಾಗುತ್ತದೆ. "ಅವನು ಕೈ ಕೊಟ್ಟ", "ಹೊಟ್ಟೆಗೆ ಹಾಕ್ಕೊಳ್ಳಿ" ಎಂಬಂಥ ಮಾತುಗಳನ್ನು ಅಕ್ಷರಶಃ ಹಿಡಿಯುತ್ತಾರೆಯೇ ಎಂದೂ ನೋಡಿ.

ಇಷ್ಟು ಹೇಳಿದಾಗ ಮನೆಯ ಹಿರಿಯರಿಂದ ಬರುವ ಮೊದಲ ಆಕ್ಷೇಪ ಗೊತ್ತೇ ಇದೆ: "ಅವರಪ್ಪನೂ ಮಾತು ಕಲಿತಿದ್ದು ತಡವಾಗೇ, ಈಗ ನೋಡಿ ಹೇಗಿದ್ದಾನೆ." ಇದರಲ್ಲಿ ಅರ್ಧ ಸತ್ಯವಿದೆ. ಎರಡು ವರ್ಷಕ್ಕೆ ಮಾತು ಹಿಂದಿದ್ದ ಮಕ್ಕಳಲ್ಲಿ ಅನೇಕರು ಶಾಲೆಗೆ ಸೇರುವಷ್ಟರಲ್ಲಿ ಸರಿಹೋಗುತ್ತಾರೆ. ಉಳಿದರ್ಧವನ್ನು ಹಿರಿಯರು ಗಮನಿಸಿರುವುದಿಲ್ಲ: ಭಾಷೆಯ ತೊಡಕು ಮನೆತನದಲ್ಲಿ ಹರಿದು ಬರುತ್ತದೆ, ಅಪ್ಪನಿಗೆ ಮಾತು ತಡವಾಗಿತ್ತು ಎಂಬುದು ಮಗುವಿನ ಬಗ್ಗೆ ನಿಶ್ಚಿಂತೆಯಿಂದಿರಲು ಕಾರಣವಲ್ಲ, ಇನ್ನಷ್ಟು ಬೇಗ ತೋರಿಸಲು ಕಾರಣ. ಐದು ವರ್ಷ ದಾಟಿದ ಮೇಲೂ ಉಳಿದುಕೊಂಡ ತೊಂದರೆ ತಾನಾಗಿ ಮಾಯವಾಗುವ ಸಂಭವ ಕಡಿಮೆ. ಅಲ್ಲಿಯವರೆಗೂ ಕಾಯಬೇಕೆಂದೇನೂ ಇಲ್ಲ. ಎರಡು ವರ್ಷವಾದರೂ ಎರಡು ಪದ ಕೂಡಿಸಿ ಹೇಳದ ಮಗುವನ್ನು ಆಗಲೇ ತೋರಿಸಬೇಕು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮನೆಯಲ್ಲೂ ಕನ್ನಡವೇ ಎಂದರೂ ಕಲಬುರಗಿಯ ಮಗುವಿನ ಮಾತಿಗೂ ಪಠ್ಯದ ಕನ್ನಡಕ್ಕೂ ದೂರ ಬಹಳ. ಹೀಗಿರುವಾಗ ಶಾಲೆಯ ಭಾಷೆಯಲ್ಲಿ ತಡವರಿಸುವುದನ್ನೆಲ್ಲ ತೊಂದರೆ ಎಂದರೆ ಅರ್ಧ ರಾಜ್ಯದ ಮಕ್ಕಳು ರೋಗಿಗಳಾಗುತ್ತಾರೆ! ನಿಜ, ಅದಕ್ಕೇ ಶಾಲೆಯ ಭಾಷೆಯೊಂದರಲ್ಲೇ ಪರೀಕ್ಷಿಸಿ ಕೊಟ್ಟ ತೀರ್ಪಿಗೆ ಬೆಲೆಯಿಲ್ಲ. ಇಂಗ್ಲಿಷಿನಲ್ಲಿ ತೊಳಲುವ ಮಗು ಅಜ್ಜಿಯ ಹತ್ತಿರ ತುಳುವಿನಲ್ಲಿ ಇಡೀ ಯಕ್ಷಗಾನದ ಕತೆ ಬಿಡದೆ ಹೇಳುತ್ತದೆಯಾದರೆ ಅದಕ್ಕೆ ಬೇಕಿರುವುದು ಇಂಗ್ಲಿಷಿನ ರೂಢಿ, ಚಿಕಿತ್ಸೆಯಲ್ಲ. ನಿಜವಾದ ತೊಡಕು ಎಲ್ಲ ಭಾಷೆಗಳಲ್ಲೂ ತಲೆದೋರುತ್ತದೆ. ಇದೇ ಗೊಂದಲದಿಂದ ಹುಟ್ಟಿದ ಇನ್ನೊಂದು ಕೆಟ್ಟ ಸಲಹೆ ಚಾಲ್ತಿಯಲ್ಲಿದೆ: ಮನೆಮಾತು ಬಿಟ್ಟು ಒಂದೇ ಭಾಷೆ ಆಡಿಸಿ ಎನ್ನುವುದು. ಕೆನಡಾದಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತಾ ಬೆಳೆದ, ಭಾಷಾ ತೊಂದರೆಯಿದ್ದ ಮಕ್ಕಳನ್ನು ಅದೇ ತೊಂದರೆಯಿದ್ದ ಏಕಭಾಷಿಕ ಮಕ್ಕಳೊಂದಿಗೆ ಹೋಲಿಸಿದ 2003ರ ಅಧ್ಯಯನದಲ್ಲಿ ವ್ಯಾಕರಣದ ತಪ್ಪುಗಳು ಹೆಚ್ಚೇನೂ ಇರಲಿಲ್ಲ. ಎರಡು ಭಾಷೆ ತೊಂದರೆಯನ್ನು ಹುಟ್ಟಿಸುವುದೂ ಇಲ್ಲ, ಬೆಳೆಸುವುದೂ ಇಲ್ಲ. ತಾಯಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವಿನೊಡನೆ ಮಾತಾಡಿ ಎಂದು ಹೇಳಿದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ, ಅಷ್ಟೆ.

ಮೂರನೆಯದು, ಸುಮ್ಮನೆ ಹಣೆಪಟ್ಟಿ ಯಾಕೆ ಎನ್ನುವುದು. ಆದರೆ ಹಣೆಪಟ್ಟಿ ಇಲ್ಲದ ಮಗು ಎಲ್ಲಿದೆ? ಸೋಮಾರಿ, ಮೊದ್ದು, ಗಮನ ಕೊಡಲ್ಲ, ಬಾಯಿಲ್ಲ, ಈಗಲೇ ನಾಲ್ಕು ಅಂಟಿಕೊಂಡಿವೆ. ಅವುಗಳ ಬದಲು ಕೆಲಸಕ್ಕೆ ಬರುವ ಒಂದು ಹೆಸರು ಸಿಗುವುದು ಮೇಲು.

ಇನ್ನು ತಜ್ಞರ ಬಳಿಗೆ ಹೋಗುವ ಮಾತು. ಮೊದಲ ಮೆಟ್ಟಿಲು ಕಿವಿ. ಪದೇಪದೇ ನೆಗಡಿಯಾಗಿ ಕಿವಿ ಸೋರುವ ಮಗುವಿಗೆ ಕೇಳಿಸುವುದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಆಡಿಯಾಲಜಿಸ್ಟ್ ಮಾಡುವ ಶ್ರವಣ ಪರೀಕ್ಷೆಯಿಲ್ಲದೆ ಭಾಷೆಯ ಬಗ್ಗೆ ಯಾವ ತೀರ್ಮಾನಕ್ಕೂ ಬರಬಾರದು. ನಂತರದ್ದು ಸ್ಪೀಚ್ ಥೆರಪಿಸ್ಟ್ ಎಂದು ನಾವು ಕರೆಯುವ ವಾಕ್ ಮತ್ತು ಭಾಷಾ ತಜ್ಞರ ಕೆಲಸ. ಇಲ್ಲಿ ಪೋಷಕರು ಕೇಳಲೇಬೇಕಾದ ಪ್ರಶ್ನೆ, ಯಾವ ಭಾಷೆಯ ಪರೀಕ್ಷೆ ಮಾಡುತ್ತೀರಿ ಎಂಬುದು. ಇಂಗ್ಲಿಷ್ ಮಕ್ಕಳಲ್ಲಿ ಡಿಎಲ್‌ಡಿಯ ದೊಡ್ಡ ಗುರುತು ಕ್ರಿಯಾಪದದ ಕೊನೆಯ ಭೂತಕಾಲ ಪ್ರತ್ಯಯ ಬಿಟ್ಟುಹೋಗುವುದು. ಆ ಭಾಷೆಯಲ್ಲಿ ಪ್ರತ್ಯಯ ಬಿಟ್ಟರೂ ಒಂದು ಪದ ಉಳಿಯುತ್ತದೆ. ಕನ್ನಡದ ಮಗು "ನಾನು ಹೋದೆ" ಎನ್ನುವ ಕಡೆ "ನಾನು ಹೋಗು" ಅನ್ನುವುದು ಅಪರೂಪ. ಹಾಗಾಗಿ ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿ ಒಡ್ಡಿದರೆ ಹುಡುಕಬೇಕಾದ ಜಾಗ ಬಿಟ್ಟು ಬೇರೆಲ್ಲೋ ಹುಡುಕಿದಂತಾಗುತ್ತದೆ. ಕನ್ನಡದಲ್ಲಿ ನೋಡಬೇಕಾದ್ದು ವಿಭಕ್ತಿ, ಪ್ರೇರಣಾರ್ಥಕ, ಕೃದಂತಗಳಿಂದ ಹೆಣೆದ ಉದ್ದ ವಾಕ್ಯ. ಪ್ರತಿಭಾ ಕಾರಂತರು ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್‌ನಂಥ ಕನ್ನಡದವೇ ಆದ ಪರೀಕ್ಷೆಗಳು ನಮ್ಮಲ್ಲಿವೆ. ಹದಿಹರೆಯದವರಿಗೆಂದೇ ಮಾಡಿದವು ಮಾತ್ರ ತೀರಾ ಕಡಿಮೆ. ಆ ಕೊರತೆಯನ್ನು ನುರಿತ ತಜ್ಞರು ಬೇರೆ ದಾರಿಯಿಂದ ತುಂಬುತ್ತಾರೆ: ಕತೆ ಮತ್ತು ವಿವರಣೆಯನ್ನು ರೆಕಾರ್ಡ್ ಮಾಡಿಕೊಂಡು ಪದಪದವಾಗಿ ಬರೆದು ನೋಡುವುದು, "ಟಮುಲಿಗೋದ" ಎಂಬಂಥ ಅರ್ಥವಿಲ್ಲದ ಪದವನ್ನು ಹೇಳಿ ತಿರುಗಿ ಹೇಳಿಸುವುದು, ಹೊಸ ಪದವೊಂದನ್ನು ಕಲಿಸಿ ಎಷ್ಟು ನೆರವಿಗೆ ಎಷ್ಟು ಬೇಗ ಕಲಿಯುತ್ತದೆಂದು ಅಳೆಯುವುದು. ಕೊನೆಯ ಎರಡು ವಿಧಾನಗಳು ಮನೆಯಲ್ಲಿ ಮೊದಲ ತಲೆಮಾರಾಗಿ ಅಕ್ಷರ ಕಲಿಯುತ್ತಿರುವ ಮಕ್ಕಳಿಗೆ ಹೆಚ್ಚು ನ್ಯಾಯ ಒದಗಿಸುತ್ತವೆ, ಏಕೆಂದರೆ ಅವು ಈಗಾಗಲೇ ಏನು ಗೊತ್ತಿದೆ ಎಂಬುದಕ್ಕಿಂತ ಕಲಿಯುವ ಶಕ್ತಿಯನ್ನು ನೋಡುತ್ತವೆ. ಬುದ್ಧಿಮತ್ತೆಯ ಅಂಕ ಭಾಷೆಯ ಅಂಕಕ್ಕಿಂತ ಬಹಳ ಮೇಲಿದ್ದರಷ್ಟೇ ಡಿಎಲ್‌ಡಿ ಎಂಬ ಹಳೆಯ ನಿಯಮವನ್ನು ಬಿಷಪ್ ಅವರ ಗುಂಪು ಕೈಬಿಟ್ಟಿದೆ. ಆ ಕಾರಣ ಕೊಟ್ಟು ವಾಪಸ್ ಕಳಿಸಿದರೆ ಒಪ್ಪಬೇಡಿ.

ಹೋಗುವುದೆಲ್ಲಿಗೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೂರದವರು ಮೊದಲು ಜಿಲ್ಲಾ ಮಟ್ಟದ ಡಿಇಐಸಿ, ಅಂದರೆ ಶೀಘ್ರ ಪತ್ತೆ ಮತ್ತು ನೆರವಿನ ಕೇಂದ್ರವನ್ನು ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ಪಟ್ಟಿಯಲ್ಲಿ ಭಾಷೆಯ ಹಿಂದುಳಿಕೆಯೂ ಕಲಿಕಾ ತೊಂದರೆಯೂ ಸೇರಿವೆ. ಶಾಲೆಗೆ ಆ ತಂಡ ಬರುವ ದಿನ ತೂಕ ಎತ್ತರದ ಜೊತೆ ಈ ಮಗುವಿನ ಹೆಸರನ್ನೂ ಮುಂದಿಡುವುದು ಶಿಕ್ಷಕರ ಕೈಲಿದೆ. ಹೋಗುವಾಗ ಮಗುವಿನ ಬರಹದ ಪುಸ್ತಕ ಒಯ್ಯಿರಿ, ನಕಲು ಮಾಡಿದ ಪ್ರಶ್ನೋತ್ತರವಲ್ಲ, ಸ್ವಂತವಾಗಿ ಬರೆದ ಪುಟ. ಮನೆಯಲ್ಲಿ ಕತೆ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆಸ್ಪತ್ರೆಯ ಕೋಣೆಯಲ್ಲಿ ಅನೇಕ ಮಕ್ಕಳು ಬಾಯಿ ಬಿಡುವುದಿಲ್ಲ.

ಪತ್ತೆಯಾದ ಮೇಲೆ ಪ್ರಯೋಜನವೇನು ಎಂದು ಕೇಳುವವರಿಗೆ ಇಂಗ್ಲೆಂಡಿನ ಯಾರ್ಕ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೇ ಉತ್ತರ. ಸರಾಗವಾಗಿ ಓದುವ ಆದರೆ ಓದಿದ್ದು ಅರ್ಥವಾಗದ 8-9 ವರ್ಷದ ಮಕ್ಕಳಲ್ಲಿ ಒಂದು ಗುಂಪಿಗೆ 20 ವಾರ ಪಠ್ಯವನ್ನಿಟ್ಟುಕೊಂಡು ಗ್ರಹಿಕೆಯ ತಂತ್ರಗಳನ್ನು ಕಲಿಸಿದರು, ಇನ್ನೊಂದಕ್ಕೆ ಬರೀ ಮಾತಿನ ತರಬೇತಿ ಕೊಟ್ಟರು: ಪದಗಳ ಅರ್ಥ, ಕತೆ ಹೇಳುವುದು, ನುಡಿಗಟ್ಟು. ಮತ್ತೊಂದಕ್ಕೆ ಎರಡನ್ನೂ ಬೆರೆಸಿ ಕೊಟ್ಟರು. ಮೂರೂ ಗುಂಪು ಸುಧಾರಿಸಿದವು. ಆದರೆ ತರಬೇತಿ ನಿಂತು 11 ತಿಂಗಳಾದ ಮೇಲೆ ನೋಡಿದಾಗ ಓದಿನ ಗ್ರಹಿಕೆಯಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಮಾತಿನ ಗುಂಪು. ನಮ್ಮ ತರಗತಿಗಳಲ್ಲಿ ಇದಕ್ಕೆ ಬೇಕಾದ್ದು ದುಬಾರಿ ಸಲಕರಣೆಯಲ್ಲ. ಪಾಠ ಓದಿಸುವ ಮೊದಲು ಅದರ ನಾಲ್ಕು ಕಷ್ಟಪದಗಳನ್ನು ಮಾತಿನಲ್ಲಿ ಬಳಸಿ ತೋರಿಸುವುದು, ಉದ್ದ ವಾಕ್ಯವನ್ನು ಬಿಡಿಸಿ ಮತ್ತೆ ಜೋಡಿಸಿ ಹೇಳುವುದು, ಉತ್ತರಕ್ಕೆ ಮೂರು ಸೆಕೆಂಡಿನ ಬದಲು ಹತ್ತು ಸೆಕೆಂಡ್ ಕಾಯುವುದು, "ಅರ್ಥವಾಯ್ತಾ" ಎಂದು ಕೇಳುವ ಬದಲು "ಈಗ ನೀನೇ ಹೇಳು" ಅನ್ನುವುದು.

ಕಾನೂನಿನ ಒಂದು ಅಂಶ ಪೋಷಕರಿಗೆ ತಿಳಿದಿರಲಿ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಗುರುತಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರ ವ್ಯಾಖ್ಯೆಯಲ್ಲಿ ಬರೆದ ಭಾಷೆಯಷ್ಟೇ ಅಲ್ಲ, ಆಡುವ ಭಾಷೆಯನ್ನು ಗ್ರಹಿಸುವ, ಮಾತಾಡುವ ತೊಂದರೆಯೂ ಸೇರಿದೆ. ವ್ಯವಹಾರದಲ್ಲಿ ಮಾತ್ರ ಓದು, ಬರಹ, ಲೆಕ್ಕ ಇಷ್ಟನ್ನೇ ಪರೀಕ್ಷಿಸಿ ಸರಾಗವಾಗಿ ಓದುವ ಮಗುವನ್ನು ಹೊರಗಿಡುವ ಅಪಾಯವಿದೆ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಈ ನ್ಯೂನತೆಯ ಪ್ರಮಾಣಪತ್ರ ಸಿಗುತ್ತಿದ್ದದ್ದು 8 ವರ್ಷ ತುಂಬಿದ ಮೇಲೆ, ಆದರೆ ತರಬೇತಿಗೆ ಪ್ರಮಾಣಪತ್ರ ಬೇಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೋರುವವರು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಬರುವವರೆಗೆ ಕಾಯದೆ ಎಂಟು, ಒಂಬತ್ತರಲ್ಲೇ ಮುಖ್ಯೋಪಾಧ್ಯಾಯರ ಜೊತೆ ಮಾತಾಡಿ. ವರದಿ ಕೈಗೆ ಬಂದಾಗ ಅದರಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ, ಸ್ವಂತ ಮಾತಿನಲ್ಲಿ ಕತೆ ಹೇಳುವ ಶಕ್ತಿ ಎಂಬ ಎರಡು ಸಾಲುಗಳಿವೆಯೇ, ಯಾವ ಭಾಷೆಯಲ್ಲಿ ನೋಡಿದರು ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.